ಕಾಪುವಿನ ದೀಪಸ್ತಂಭ: ಗೋಪುರಕ್ಕೆ ಬಣ್ಣ ಬಳಿದರೆ ಉಳಿಸಿದಂತಾಯಿತೇ?

ಗಡಿಯಾರದಂಗಡಿ, ತುಮಕೂರು
ಭಾನುವಾರ ರಾತ್ರಿ

ತಂಗಿಯ ಮಗನ ಶಾಲೆಯ ಪ್ರವಾಸಕ್ಕೆ ಹಿರಿಯರೊಬ್ಬರು ಜೊತೆಗೆ ಬೇಕೆಂದು ನನ್ನನ್ನೂ ಬಸ್ಸು ಹತ್ತಿಸಿದರು. ಉಡುಪಿ, ಮಲ್ಪೆ ನೋಡಿಕೊಂಡು ಸಂಜೆಯ ಹೊತ್ತಿಗೆ ಕಾಪು ತಲುಪಿದೆವು. ಕಡಲಂಚಿನ ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆ ಬಳಿಸಿಕೊಂಡ ದೀಪಸ್ತಂಭ, 1901ರಿಂದ ಅಲ್ಲೇ ನಿಂತಿದೆ. ಮಕ್ಕಳು ಅಲೆಗಳನ್ನು ಕಂಡು ಕಿರುಚಿದರು. ಸುತ್ತು ಮೆಟ್ಟಿಲು ಹತ್ತಿ ಮೇಲೆ ಹೋದಾಗ ಎಲ್ಲರೂ ಕಡಲಿಗೆ ಮುಖ ಮಾಡಿ ನಿಂತಿದ್ದರೆ ಮಾವನೊಬ್ಬ ಕಡಲಿಗೆ ಬೆನ್ನು ತಿರುಗಿಸಿ ದೀಪದ ಕೋಣೆಯನ್ನೇ ನೋಡುತ್ತಿದ್ದ ಎಂದು ತಂಗಿಯ ಮಗ ಇನ್ನೂ ನಗುತ್ತಿದ್ದಾನೆ.

ನನ್ನ ಕಸುಬು ಗಡಿಯಾರ ರಿಪೇರಿ. ಹಳೆಯ ಕಾಲದ ತಿರುಗುವ ದೀಪ ಎಂದರೆ ಗೋಪುರ ಗಡಿಯಾರದ ಅಣ್ಣನೇ. ಗೋಪುರದ ನಡುವಿನ ಟೊಳ್ಳಿನಲ್ಲಿ ಭಾರದ ಗುಂಡೊಂದು ನಿಧಾನವಾಗಿ ಕೆಳಗಿಳಿಯುತ್ತದೆ. ಅದರ ಹಗ್ಗ ಸುತ್ತಿದ ಉರುಳೆ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ವೇಗ ಹೆಚ್ಚು ಕಡಿಮೆ ಆಗದಂತೆ ಹಿಡಿಯಲು ಒಂದು ನಿಯಂತ್ರಕ. ಮುಳ್ಳಿನ ಬದಲು ತಿರುಗುವುದು ಗಾಜಿನ ಪಟ್ಟಕಗಳ ದೊಡ್ಡ ಪಂಜರ, ಅಷ್ಟೇ ವ್ಯತ್ಯಾಸ. ಗುಂಡು ತಳ ಮುಟ್ಟುವ ಮೊದಲು ಕಾವಲುಗಾರ ಎದ್ದು ಕೀಲಿ ಕೊಡಬೇಕು. ರಾತ್ರಿಗೆ ಎಷ್ಟೋ ಸಲ, ಮಳೆ ಇರಲಿ, ಜ್ವರ ಇರಲಿ.

ಈಗ ನನ್ನ ಪ್ರಶ್ನೆ. ಎಲ್ಲರೂ ದೀಪಸ್ತಂಭ ಉಳಿಸಬೇಕು ಎನ್ನುತ್ತಾರೆ. ಗೋಪುರಕ್ಕೆ ಬಣ್ಣ, ಸುತ್ತ ಹುಲ್ಲು, ಕುಳಿತುಕೊಳ್ಳಲು ಕಲ್ಲುಬೆಂಚು. ಇವೆಲ್ಲ ಬೇಡ ಎನ್ನುವವನಲ್ಲ ನಾನು. ಆದರೆ ಗೋಪುರ ದೀಪವನ್ನು ಎತ್ತಿ ಹಿಡಿಯಲು ಕಟ್ಟಿದ ಕಂಬ. ದೀಪದ ಯಂತ್ರ, ಅದರ ಬಿಡಿಭಾಗ, ಅದನ್ನು ನಡೆಸಿದವರ ಕೈಬರಹದ ಪುಸ್ತಕ ಇವು ಗುಜರಿಗೆ ಹೋಗಿ, ಕಂಬ ಮಾತ್ರ ಉಳಿದರೆ ಉಳಿಸಿದ್ದು ಏನನ್ನು?


ಶಿರಾ ಗಾರೆ ಮನೆ
ಭಾನುವಾರ ರಾತ್ರಿ

ಒಳ್ಳೆಯ ವಿಷಯ ಅಣ್ಣ. ಮೊದಲು ಒಂದು ಸಣ್ಣ ತಕರಾರು. ನಮ್ಮ ಕಡೆ ದೀಪಸ್ತಂಭ ಎಂದರೆ ದೇವಸ್ಥಾನದ ಮುಂದಿನ ದೀಪದ ಕಂಬ. ಕಾರ್ತಿಕದಲ್ಲಿ ಎಣ್ಣೆ ಹಾಕಿ ಹಚ್ಚುವುದು. ಶೀರ್ಷಿಕೆ ನೋಡಿ ಕಾಪುವಿನ ಮಾರಿಗುಡಿಯ ವಿಚಾರ ಇರಬೇಕು ಎಂದುಕೊಂಡೆ.


ಕರಾವಳಿಯ ಮಗಳು, ತಿಪಟೂರಿನ ಸೊಸೆ
ಭಾನುವಾರ ರಾತ್ರಿ

ಅಲ್ಲಿಯ ಜನ ಬಾಯಲ್ಲಿ ಲೈಟ್‌ಹೌಸ್ ಎಂದೇ ಹೇಳುವುದು. ಪತ್ರಿಕೆಯಲ್ಲಿ ದೀಪಸ್ತಂಭ. ಮಂಗಳೂರಿನಲ್ಲಿ ಲೈಟ್‌ಹೌಸ್ ಹಿಲ್ ಎಂದು ಬೋರ್ಡು ಇರುವ ಗುಡ್ಡಕ್ಕೆ ಊರಿನವರ ಹೆಸರು ಬಾವುಟಗುಡ್ಡೆ. ನನ್ನ ಅಜ್ಜ, ಅಂದರೆ ಅಮ್ಮನ ತಂದೆ, ಕರಾವಳಿಯ ಒಂದು ದೀಪಸ್ತಂಭದಲ್ಲಿ ಸಹಾಯಕರಾಗಿದ್ದರು. ಮನೆಯಲ್ಲಿ ನಾವು ಅದಕ್ಕೆ ಹೇಳುತ್ತಿದ್ದುದು ಬರೀ "ಡ್ಯೂಟಿ" ಎಂದು. ಅಜ್ಜ ಡ್ಯೂಟಿಗೆ ಹೋದರು ಎಂದರೆ ಮಕ್ಕಳು ಹಗಲಲ್ಲಿ ಗಲಾಟೆ ಮಾಡಬಾರದು ಎಂದೂ ಅರ್ಥ. ಅವರು ಮಲಗುವುದು ಹಗಲಲ್ಲಿ.


ಗಡಿಯಾರದಂಗಡಿ, ತುಮಕೂರು
ಭಾನುವಾರ ರಾತ್ರಿ

ಅಕ್ಕ, ನಿಮ್ಮನ್ನು ಇಷ್ಟಕ್ಕೆ ಬಿಡುವುದಿಲ್ಲ. ಅಜ್ಜನ ಕಾಲದ್ದು ಏನಾದರೂ ಮನೆಯಲ್ಲಿ ಉಳಿದಿದೆಯೇ? ಪುಸ್ತಕ, ಚೀಟಿ, ಉಪಕರಣ ಯಾವುದಾದರೂ?


ಕೆರೆ ಏರಿ, ಶ್ರೀನಿವಾಸಪುರ
ಸೋಮವಾರ ಬೆಳಗ್ಗೆ

ಕ್ಷಮಿಸಿ, ಎಲ್ಲರಿಗೂ ಬೇಸರವಾಗುವ ಮಾತು ಹೇಳುತ್ತೇನೆ. ಕೋಲಾರ ಜಿಲ್ಲೆಯಲ್ಲಿ ಕೂತು ಕಡಲ ದೀಪದ ಬಗ್ಗೆ ಮರುಗುವುದು ನನಗೆ ಅರ್ಥವಾಗುತ್ತಿಲ್ಲ. ನಮ್ಮೂರಿನ ಕೆರೆಯ ತೂಬು ಕಲ್ಲು ಬಿದ್ದು ಹೋಗಿದೆ. ಆ ಕಲ್ಲಿನ ಮೇಲೆ ಶಾಸನವಿತ್ತು, ಈಗ ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಕಾಪು ದೀಪಸ್ತಂಭಕ್ಕೆ ಕೇಂದ್ರ ಸರ್ಕಾರವಿದೆ, ಪ್ರವಾಸಿಗರಿದ್ದಾರೆ, ಫೋಟೊ ಹಾಕುವವರಿದ್ದಾರೆ. ತೂಬಿಗೆ ಯಾರಿದ್ದಾರೆ?

ಇನ್ನೊಂದು, ಅದು ನಮ್ಮ ಚರಿತ್ರೆಯೂ ಅಲ್ಲ. 1901ರಲ್ಲಿ ಕಾಪು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಾವು ಮೈಸೂರು ಸಂಸ್ಥಾನ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕರಾವಳಿಯನ್ನು ಕಂಪನಿಯವರು ಎತ್ತಿಕೊಂಡರು. ಆಮೇಲೆ 1956ರ ನವೆಂಬರ್ 1ರವರೆಗೆ ಮೈಸೂರಿಗೆ ಕಡಲೇ ಇರಲಿಲ್ಲ.


ಗ್ರಂಥಾಲಯದ ಕಿಟಕಿ, ಚಿಕ್ಕಬಳ್ಳಾಪುರ
ಸೋಮವಾರ ಮಧ್ಯಾಹ್ನ

ಕಡಲು ಇರಲಿಲ್ಲ ಎನ್ನುವುದು ನಿಜ, ಕಡಲಿನ ಹಂಬಲ ಇರಲಿಲ್ಲ ಎನ್ನಲಾಗದು. ನಮ್ಮ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ (1912ರಿಂದ 1918) ಭಟ್ಕಳದಲ್ಲಿ ಸಂಸ್ಥಾನಕ್ಕೊಂದು ಬಂದರು ಬೇಕು, ಅಲ್ಲಿಗೆ ರೈಲು ಬೇಕು ಎಂದು ಯೋಜನೆ ಹಾಕಿದ್ದರು. ಅದು ಕೈಗೂಡಲಿಲ್ಲ. ಕಡಲಿಲ್ಲದ ನಾಡಿನ ಎಂಜಿನಿಯರ್ ಪರರ ಕರಾವಳಿಯಲ್ಲಿ ಬಂದರಿನ ಕನಸು ಕಂಡದ್ದು ನಮ್ಮ ಜಿಲ್ಲೆಯ ಚರಿತ್ರೆಗೂ ಸೇರುತ್ತದೆ ಎಂದು ನನ್ನ ವಾದ.

ಉತ್ತರದ ಕಡೆಗೆ ಹೋದರೆ ಕಥೆ ಇನ್ನೂ ಸ್ವಾರಸ್ಯ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಅಮೆರಿಕದ ಒಳಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಹಾಹಾಕಾರವಾಗಿದ್ದ ಕಾಲ ಅದು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಆಸೆ. ಕಾರವಾರದ ಎದುರಿನ ದೇವಗಡ ದ್ವೀಪದ ಮೇಲಿನ ದೀಪಸ್ತಂಭದ ವರ್ಷ ನೋಡಿ: 1864. ಮೀನುಗಾರರ ಮೇಲಿನ ಕನಿಕರದಿಂದ ಹಚ್ಚಿದ ದೀಪ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಹತ್ತಿಯ ಮೂಟೆ ಮುಳುಗಬಾರದಿತ್ತು.


ಮೂರನೇ ತಲೆಮಾರು, ಕೆಜಿಎಫ್
ಸೋಮವಾರ ಸಂಜೆ

1901 ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ವಿದ್ಯುತ್ ಬಂತು, ಸುಮಾರು 147 ಕಿಲೋಮೀಟರ್ ತಂತಿ ಎಳೆದು. ಅತ್ತ ಕಡಲ ದಂಡೆಯ ದೀಪಗಳು ಎಣ್ಣೆಯಲ್ಲಿ ಉರಿಯುತ್ತಿದ್ದ ಕಾಲದಲ್ಲೇ ಇತ್ತ ನೆಲದ ಕೆಳಗೆ ಬಲ್ಬು. ಎರಡೂ ಬೇರೆಯವರ ಲಾಭಕ್ಕೇ ಉರಿದವು, ಅದು ಬೇರೆ ಮಾತು.

ಗಡಿಯಾರದಂಗಡಿ ಸರ್, ನಿಮ್ಮ ಪ್ರಶ್ನೆ ನನಗೆ ಚುಚ್ಚಿತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮಲ್ಲಿ ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರಗಳು ನಿಂತಿವೆ. ದೂರದಿಂದ ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಗಂಟೆಯ ಸಂಕೇತ ಕೇಳಿ ಪಂಜರ ಇಳಿಸುತ್ತಿದ್ದವನ ಕೈಚಳಕ ಎಲ್ಲಿದೆ? ಎಷ್ಟು ಗಂಟೆ ಹೊಡೆದರೆ ಮನುಷ್ಯರು ಹತ್ತಿದ್ದಾರೆ, ಎಷ್ಟು ಹೊಡೆದರೆ ಅದಿರು ಎಂದು ನನ್ನ ತಾತನಿಗೆ ನಿದ್ದೆಯಲ್ಲೂ ಗೊತ್ತಿತ್ತು. ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.


ಮಧುಗಿರಿ ಗಣಿತ
ಸೋಮವಾರ ರಾತ್ರಿ

ನಮ್ಮ ಶಿಕ್ಷಕರ ಗುಂಪಿನಲ್ಲಿ ಯಾರೋ ಕಾಪುವಿನ ಬೆಳಕು ನೂರು ಕಿಲೋಮೀಟರಿಗೆ ಕಾಣುತ್ತದೆ ಎಂದು ಬರೆದಿದ್ದರು. ಬೆಳಕು ಎಷ್ಟು ಪ್ರಖರವಾಗಿದ್ದರೂ ಭೂಮಿ ಗುಂಡಗಿದೆ ಮಹಾಶಯರೇ. ಸರಳ ಲೆಕ್ಕ ಹೇಳುತ್ತೇನೆ, ಒಂಬತ್ತನೆಯ ತರಗತಿಯವರೂ ಮಾಡಬಹುದು. ಸಮುದ್ರಮಟ್ಟದಿಂದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಕಾಪುವಿನ ಗೋಪುರ ಸುಮಾರು 27 ಮೀಟರ್, ಅದರ ಕೆಳಗೆ ಬಂಡೆ ಬೇರೆ. ದೀಪ ನೀರಿನಿಂದ 40 ಮೀಟರ್ ಮೇಲಿದೆ ಎಂದು ಇಟ್ಟುಕೊಂಡರೆ 22.6 ಕಿಲೋಮೀಟರ್. ಹಡಗಿನ ಅಟ್ಟದ ಮೇಲೆ 9 ಮೀಟರ್ ಎತ್ತರದಲ್ಲಿ ನಿಂತವನ ದಿಗಂತ 10.7. ಕೂಡಿಸಿದರೆ 33.3 ಕಿಲೋಮೀಟರ್, ನಾವಿಕರ ಲೆಕ್ಕದಲ್ಲಿ 18 ಮೈಲಿ. ಗಾಳಿಯಲ್ಲಿ ಬೆಳಕು ಕೊಂಚ ಬಾಗುವುದರಿಂದ ಇನ್ನಷ್ಟು ಸೇರಬಹುದು. ನೂರು ಮಾತ್ರ ಆಗುವುದಿಲ್ಲ.

ಹೊಟ್ಟೆಕಿಚ್ಚಿಗೆ ನಂದಿಬೆಟ್ಟದ್ದೂ ಲೆಕ್ಕ ಹಾಕಿದೆ. 1,478 ಮೀಟರ್. ಸುತ್ತ ನೆಲವೆಲ್ಲ ಕಡಲಮಟ್ಟದಲ್ಲೇ ಇದೆ ಎಂದುಕೊಂಡರೂ 137 ಕಿಲೋಮೀಟರ್. ಪಡುವಣ ಕಡಲು, ಮೂಡಣ ಕಡಲು ಎರಡೂ ಅದರ ಎರಡರಷ್ಟಕ್ಕಿಂತ ದೂರ. ಚಿಕ್ಕಬಳ್ಳಾಪುರದವರು ಏಣಿ ಹಾಕಿಕೊಂಡರೂ ಪ್ರಯೋಜನವಿಲ್ಲ.


ಗ್ರಂಥಾಲಯದ ಕಿಟಕಿ, ಚಿಕ್ಕಬಳ್ಳಾಪುರ
ಸೋಮವಾರ ರಾತ್ರಿ

ಮೇಷ್ಟರೇ, ನಮಗೆ ಏಣಿ ಬೇಡ, ಬೆಟ್ಟದ ಮೇಲಿಂದ ಬೆಳಗಿನ ಮಂಜೇ ಕಡಲಿನಂತೆ ಕಾಣುತ್ತದೆ. ಅದು ನಿಮ್ಮ ವರ್ಗಮೂಲಕ್ಕೆ ಸಿಗುವುದಿಲ್ಲ.


ಗಡಿಯಾರದಂಗಡಿ, ತುಮಕೂರು
ಸೋಮವಾರ ರಾತ್ರಿ

ಮೇಷ್ಟರ ಲೆಕ್ಕಕ್ಕೆ ಒಂದು ಬಾಲಂಗೋಚಿ. ಎಷ್ಟು ದೂರ ಕಂಡರೂ ಅದು ಯಾವ ಊರಿನ ದೀಪ ಎಂದು ತಿಳಿಯದಿದ್ದರೆ ನಾವಿಕನಿಗೆ ಕಷ್ಟ. ಅದಕ್ಕೇ ಪ್ರತಿ ದೀಪಸ್ತಂಭಕ್ಕೂ ಮಿನುಗಿನ ಲಯ ಬೇರೆ. ಇಷ್ಟು ಸೆಕೆಂಡಿಗೆ ಇಷ್ಟು ಮಿಂಚು ಎಂದು ಪಟ್ಟಿ ಇರುತ್ತದೆ; ಎಣಿಸಿ ನೋಡಿ ಇದು ಇಂಥ ಊರು ಎನ್ನುತ್ತಾರೆ. ಹಗಲಲ್ಲಿ ಆ ಕೆಲಸವನ್ನು ಕಪ್ಪು ಬಿಳಿ ಪಟ್ಟೆ ಮಾಡುತ್ತದೆ. ಅಂದರೆ ಆ ಲಯ ಕೆಟ್ಟರೆ ದೀಪ ಸುಳ್ಳು ಹೇಳಿದಂತೆ. ಗಡಿಯಾರ ಐದು ನಿಮಿಷ ತಪ್ಪಿದರೆ ಬಸ್ಸು ತಪ್ಪುತ್ತದೆ. ಇಲ್ಲಿ ಹಡಗು ಬಂಡೆಗೆ ಬಡಿಯುತ್ತದೆ.

ಆ ಗಾಜಿನ ಪಂಜರದ ಬಗ್ಗೆಯೂ ಹೇಳಬೇಕು. ಫ್ರಾನ್ಸಿನ ಫ್ರೆನೆಲ್ ಎಂಬ ಎಂಜಿನಿಯರ್ 1820ರ ದಶಕದಲ್ಲಿ ಕಂಡುಕೊಂಡದ್ದು. ಒಂದೇ ದಪ್ಪ ಮಸೂರ ಮಾಡಿದರೆ ಮಣಗಟ್ಟಲೆ ತೂಕ, ಬೆಳಕನ್ನು ಗಾಜೇ ನುಂಗುತ್ತದೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಬಾಗಿಸುವ ಅಂಚುಗಳನ್ನು ಮಾತ್ರ ಉಳಿಸಿ ಸುತ್ತ ಜೋಡಿಸಿದ. ಎಲ್ಲ ಕಡೆ ಚೆಲ್ಲಿಹೋಗುವ ಬೆಳಕು ಒಂದು ಪಟ್ಟಿಯಾಗಿ ಕಡಲ ಮೇಲೆ ಮಲಗುತ್ತದೆ. ಇಷ್ಟಾದರೂ ದೊಡ್ಡ ಮಸೂರಗಳು ಟನ್ನುಗಟ್ಟಲೆ ತೂಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವನ್ನು ಪಾದರಸದ ತೊಟ್ಟಿಯಲ್ಲಿ ತೇಲಿಬಿಡುವ ಉಪಾಯ ಬಂತು. ಬೆರಳಿನಿಂದ ತಳ್ಳಿದರೂ ತಿರುಗುವಷ್ಟು ಹಗುರ.


ಮೂರನೇ ತಲೆಮಾರು, ಕೆಜಿಎಫ್
ಸೋಮವಾರ ರಾತ್ರಿ

ಪಾದರಸ ಎಂದಿರಿ, ಅಲ್ಲಿ ನಿಲ್ಲಿ ಸರ್. ಚಿನ್ನದ ಪುಡಿಯನ್ನು ಹಿಡಿಯಲು ಗಿರಣಿಯಲ್ಲಿ ಅದನ್ನೇ ಬಳಸುತ್ತಿದ್ದರು. ಅದರ ಆವಿ ಕಣ್ಣಿಗೆ ಕಾಣುವುದಿಲ್ಲ, ವಾಸನೆಯಿಲ್ಲ. ಕೈ ನಡುಕ, ಮರೆವು, ಸಿಡುಕು ನಿಧಾನವಾಗಿ ಬರುತ್ತವೆ. ಮುಚ್ಚಿದ ದೀಪದ ಕೋಣೆಯಲ್ಲಿ ತೆರೆದ ತೊಟ್ಟಿಯ ಪಕ್ಕ ರಾತ್ರಿಯಿಡೀ ಕೂರುವ ಮನುಷ್ಯನನ್ನು ಎಣಿಸಿಕೊಳ್ಳಿ. ಯಂತ್ರವನ್ನು ಇದ್ದ ಹಾಗೇ ಉಳಿಸಿ ಎನ್ನುವ ನಿಮ್ಮ ಮಾತಿಗೆ ಇದೊಂದು ತಿದ್ದುಪಡಿ. ಮಕ್ಕಳು ಹತ್ತುವ ಗೋಪುರದಲ್ಲಿ ಪಾದರಸ ಇರಬಾರದು. ತಿಳಿದವರ ಕೈಯಲ್ಲಿ ತೆಗೆಸಿ, ಮಸೂರವನ್ನು ಕೆಳಗೆ ತಂದು ಪ್ರದರ್ಶನಕ್ಕೆ ಇಡಲಿ.


ಗಡಿಯಾರದಂಗಡಿ, ತುಮಕೂರು
ಸೋಮವಾರ ರಾತ್ರಿ

ಒಪ್ಪಿದೆ. ಇದು ನನ್ನ ತಲೆಗೆ ಹೊಳೆದಿರಲಿಲ್ಲ.


ಶಿರಾ ಗಾರೆ ಮನೆ
ಮಂಗಳವಾರ ಬೆಳಗ್ಗೆ

ನೀವೆಲ್ಲ ದೀಪದಲ್ಲೇ ಮುಳುಗಿದ್ದೀರಿ, ಗೋಪುರವನ್ನು ಬರೀ ಕಂಬ ಎಂದು ಕರೆದದ್ದಕ್ಕೆ ನನ್ನದೊಂದು ಜಗಳವಿದೆ. ನಾಲ್ಕು ತಲೆಮಾರಿನ ಗಾರೆ ಕೆಲಸದ ಮನೆ ನಮ್ಮದು. ಬಣ್ಣ ಬಳಿಯುವುದು ಸುಲಭ ಎಂದುಕೊಂಡಿದ್ದೀರಾ?

ಕಡಲ ಗಾಳಿಯಲ್ಲಿ ಉಪ್ಪಿರುತ್ತದೆ. ಅದು ತೇವದ ಜೊತೆ ಗೋಡೆಯೊಳಗೆ ಇಳಿದು, ಬಿಸಿಲಿಗೆ ನೀರು ಆರಿದಾಗ ಹರಳುಗಟ್ಟುತ್ತದೆ. ಹರಳು ಹಿಗ್ಗಿ ಕಲ್ಲಿನ ಮೈಯನ್ನು, ಇಟ್ಟಿಗೆಯ ಮೈಯನ್ನು ಪುಡಿ ಮಾಡುತ್ತದೆ. ಸುಣ್ಣದ ಗಾರೆ ಮೆತ್ತಗಿದ್ದು ಉಸಿರಾಡುತ್ತದೆ. ತೇವ ಅದರ ಮೂಲಕ ಹೊರಗೆ ಬರುತ್ತದೆ, ಉಪ್ಪು ತಿಂದರೂ ಮೊದಲು ಗಾರೆಯನ್ನು ತಿನ್ನುತ್ತದೆ, ಕಲ್ಲು ಉಳಿಯುತ್ತದೆ. ಹತ್ತಾರು ವರ್ಷಕ್ಕೊಮ್ಮೆ ಸಂದು ಕೆರೆದು ಹೊಸ ಗಾರೆ ತುಂಬಿದರೆ ಮುಗಿಯಿತು. ಅಲ್ಲಿಗೆ ಸಿಮೆಂಟ್ ತಂದು ಮೆತ್ತಿ, ಮೇಲೆ ಪ್ಲಾಸ್ಟಿಕ್ಕಿನಂತೆ ಹೊಳೆಯುವ ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಬಿದ್ದು ಕಲ್ಲನ್ನು ತಿನ್ನಲು ಶುರು ಮಾಡುತ್ತದೆ. ಹೊರಗೆ ಮದುವೆಮನೆ, ಒಳಗೆ ಗೆದ್ದಲು. ದೀಪಸ್ತಂಭದ ತೊಡಕು ಇನ್ನೂ ಹೆಚ್ಚು. ಹಗಲು ಗುರುತಿಗಾಗಿ ಪಟ್ಟೆ ಮಾಸಬಾರದು, ಹಾಗಾಗಿ ಬಣ್ಣ ಬಿಡುವಂತಿಲ್ಲ. ಉಸಿರಾಡುವ ಬಣ್ಣವನ್ನೇ ಹುಡುಕಿ ಹೊಡೆಯಬೇಕು.

ನಮ್ಮ ತಾತ ಸುಣ್ಣವನ್ನು ಕೊಳೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಅರೆಯುತ್ತಿದ್ದರು. ನೀರು ತಾಗುವ ಕಡೆ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ. ಕನ್ನಂಬಾಡಿ ಕಟ್ಟೆ ನಿಂತಿರುವುದು ಸುರ್ಕಿ ಗಾರೆಯ ಮೇಲೆಯೇ. ಕರಾವಳಿಯವರು ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು, ನಾವು ಸುಣ್ಣಕಲ್ಲು ಸುಟ್ಟು. ಅವರದು ಮುರಕಲ್ಲು, ನಮ್ಮದು ಕಗ್ಗಲ್ಲು. ಕೈಕೆಲಸ ಒಂದೇ.

ಇಂಗ್ಲೆಂಡಿನ ಎಡಿಸ್ಟೋನ್ ಎಂಬ ಬಂಡೆಯ ಮೇಲೆ ಸ್ಮೀಟನ್ ಎಂಬ ಎಂಜಿನಿಯರ್ 1759ರಲ್ಲಿ ದೀಪಸ್ತಂಭ ಮುಗಿಸಿದ. ಅಲೆ ಹೊಡೆಯುವ ಜಾಗದಲ್ಲಿ ಗಾರೆ ಗಟ್ಟಿಯಾಗಬೇಕಲ್ಲ, ಅದಕ್ಕೆ ಜೇಡಿ ಬೆರೆತ ಸುಣ್ಣಕಲ್ಲೇ ಬೇಕು ಎಂದು ಪರೀಕ್ಷೆ ಮಾಡಿ ಕಂಡುಕೊಂಡ. ಮುಂದೆ ಸಿಮೆಂಟ್ ಹುಟ್ಟಿದ್ದು ಆ ದಾರಿಯಲ್ಲೇ. ಕೊನೆಗೆ ಗೋಪುರಕ್ಕಿಂತ ಮೊದಲು ಅದರ ಕೆಳಗಿನ ಬಂಡೆಯೇ ಸವೆಯಿತು! 1880ರ ದಶಕದಲ್ಲಿ ಮೇಲ್ಭಾಗವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಪ್ಲಿಮತ್ ಊರಿನ ದಿಣ್ಣೆಯ ಮೇಲೆ ಮತ್ತೆ ಕಟ್ಟಿದರು. ಈಗಲೂ ಅಲ್ಲಿದೆ. ಗಾರೆಯವನ ಮಾತು ಎಂದು ತಳ್ಳಿಹಾಕಬೇಡಿ, ಕಂಬಕ್ಕೂ ಕಥೆ ಇರುತ್ತದೆ.


ಮುಳಬಾಗಿಲು ದೋಸೆ
ಮಂಗಳವಾರ ಮಧ್ಯಾಹ್ನ

ಗಾರೆ ಮನೆಯವರಿಗೆ ಕೈಮುಗಿದೆ. ಗೋಪುರ ಬಿಚ್ಚದೆ ಇಡಿಯಾಗಿ ಸರಿಸಿದವರೂ ಇದ್ದಾರೆ. ಅಮೆರಿಕದ ಕೇಪ್ ಹ್ಯಾಟೆರಸ್‌ನಲ್ಲಿ 1870ರ ದೀಪಸ್ತಂಭದ ಬುಡಕ್ಕೆ ಕಡಲು ಬಂದಿತ್ತು. 1999ರಲ್ಲಿ ಅದನ್ನು ಹಳಿಗಳ ಮೇಲೆ ಏರಿಸಿ ಸುಮಾರು 880 ಮೀಟರ್ ಒಳಕ್ಕೆ ತಳ್ಳಿದರು. ದೇಶ ಸಿರಿವಂತವಾಗಿದ್ದರೆ ಏನೂ ಮಾಡಬಹುದು.

ಕೋಲಾರದ ಕಡೆಯವರಿಗೆ ಮಂಗಳೂರಿನಷ್ಟೇ ಮದ್ರಾಸೂ ಹತ್ತಿರ. ಅಲ್ಲಿ ದೀಪ ನಾಲ್ಕು ಮನೆ ಬದಲಾಯಿಸಿದೆ. 1796ರಲ್ಲಿ ಕೋಟೆಯೊಳಗಿನ ಕಟ್ಟಡದ ಮಾಳಿಗೆಯ ಮೇಲೆ, 1844ರಲ್ಲಿ ಈಗಿನ ಹೈಕೋರ್ಟ್ ಆವರಣದಲ್ಲಿರುವ ಕಲ್ಲಿನ ಕಂಬಕ್ಕೆ, 1894ರಲ್ಲಿ ಹೈಕೋರ್ಟಿನ ಗುಮ್ಮಟದ ತುದಿಗೆ, 1977ರಲ್ಲಿ ಮೆರೀನಾಕ್ಕೆ. ನ್ಯಾಯಾಲಯದ ತಲೆಯ ಮೇಲೆ ಹಡಗಿಗೆ ದೀಪ ಇಟ್ಟ ಊರು ಬೇರೆ ಎಲ್ಲಾದರೂ ಇದೆಯೇ? ಮಹಾಬಲಿಪುರದಲ್ಲಿ ಇನ್ನೂ ವಿಚಿತ್ರ. ಬೆಟ್ಟದ ಮೇಲಿನ ಪಲ್ಲವರ ಕಾಲದ ಈಶ್ವರನ ಗುಡಿಯ ಮೇಲೆಯೇ ಬ್ರಿಟಿಷರು ದೀಪ ಹಚ್ಚಿದರು. ಪಕ್ಕದ ಕಲ್ಲಿನ ಗೋಪುರ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಶಿರಾದವರ ತಕರಾರು ಅಲ್ಲಿ ಸರಿಹೋಗುತ್ತದೆ. ಗುಡಿಯ ದೀಪಸ್ತಂಭವೂ ಹೌದು, ಕಡಲ ದೀಪಸ್ತಂಭವೂ ಹೌದು.


ಕೆರೆ ಏರಿ, ಶ್ರೀನಿವಾಸಪುರ
ಮಂಗಳವಾರ ಸಂಜೆ

ಎಲ್ಲ ಸರಿ. ನನ್ನ ತೂಬಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.


ಗಡಿಯಾರದಂಗಡಿ, ತುಮಕೂರು
ಮಂಗಳವಾರ ರಾತ್ರಿ

ನಾನು ಉತ್ತರಿಸುತ್ತೇನೆ, ಉತ್ತರದ ಬದಲು ನನ್ನದೇ ಒಂದು ತಪ್ಪನ್ನು ಹೇಳಿ.

ಮೂವತ್ತು ವರ್ಷದ ಹಿಂದೆ ಒಂದು ಹಳೆಯ ಕಟ್ಟಡದ ಗೋಪುರ ಗಡಿಯಾರ ನಿಂತುಹೋಗಿತ್ತು. ರಿಪೇರಿ ಬೇಡ, ಬ್ಯಾಟರಿಯದ್ದು ಹಾಕಿಕೊಡು ಎಂದರು. ಎರಡು ದಿನದ ಕೆಲಸ. ಹಳೆಯ ಯಂತ್ರವನ್ನು ಕೂಲಿಯ ಲೆಕ್ಕದಲ್ಲಿ ನನಗೇ ಬಿಟ್ಟರು. ಹಿತ್ತಾಳೆಯ ಚಕ್ರಗಳು, ಗುಂಡು, ಉರುಳೆ. ಅಂಗಡಿ ಚಿಕ್ಕದು, ಇಡಲು ಜಾಗವಿರಲಿಲ್ಲ. ಆ ತಿಂಗಳು ಬಾಡಿಗೆಯೂ ಬಾಕಿ ಇತ್ತು. ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದೆ. ಮಾರಿದ್ದಕ್ಕಿಂತ ಹೆಚ್ಚು ಕಾಡುವುದು ಬೇರೆ. ವಾರಕ್ಕೊಮ್ಮೆ ಕೀಲಿ ಕೊಡಲು ಬರುತ್ತಿದ್ದ ಮುದುಕ ಅಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮಳೆಗಾಲದಲ್ಲಿ ಗಡಿಯಾರ ನಿಧಾನವಾದಾಗ ಅವನು ಗುಂಡಿನ ಮೇಲೆ ಏನೋ ಒಂದು ತೂಕ ಇಡುತ್ತಿದ್ದನಂತೆ. ಏನು, ಎಷ್ಟು ಎಂದು ನಾನು ಕೇಳಲಿಲ್ಲ. ಕೆಜಿಎಫ್‌ನವರು ಬರೆದ ಮಾತನ್ನು ಓದಿದ ರಾತ್ರಿ ಆ ಮುಖ ಮತ್ತೆ ಬಂತು.

ಸರ್, ನಿಮ್ಮೂರಿನ ಕೆರೆಗೆ ನೀರುಗಂಟಿ ಇದ್ದನೇ?


ಕೆರೆ ಏರಿ, ಶ್ರೀನಿವಾಸಪುರ
ಮಂಗಳವಾರ ರಾತ್ರಿ

ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಾಯಲ್ಲೇ ಲೆಕ್ಕವಿತ್ತು. ತೂಬಿನ ಕೀಲನ್ನು ಎಷ್ಟು ಎತ್ತಬೇಕು ಎಂದು ಬೆರಳಿನಲ್ಲಿ ಅಳೆಯುತ್ತಿದ್ದ. ಬರದ ವರ್ಷ ಯಾರ ಮಾತಿಗೂ ಬಗ್ಗುತ್ತಿರಲಿಲ್ಲ. ಸುಗ್ಗಿಯಲ್ಲಿ ಮನೆಮನೆಯಿಂದ ಅವನ ಪಾಲಿನ ಕಾಳು ಹೋಗುತ್ತಿತ್ತು. ಕೊಳವೆಬಾವಿ ಬಂದವು, ಕೆರೆ ಒಣಗಿತು. ಅವನ ಮಗ ಬೆಂಗಳೂರಿನಲ್ಲಿ ಕಾವಲು ಕೆಲಸ ಮಾಡುತ್ತಾನೆ.

ನೀವು ಎಲ್ಲಿಗೆ ಬರುತ್ತಿದ್ದೀರಿ ಎಂದು ಗೊತ್ತಾಯಿತು. ಕೀಲಿ ಕೊಡುವವನು, ಕೀಲು ಎತ್ತುವವನು. ಮೊದಲು ಹೋಗುವುದು ಅವನು. ಕಲ್ಲು ಆಮೇಲೆ ಬೀಳುತ್ತದೆ. ಆದರೂ ಹಣ ಎಲ್ಲಿಗೆ ಹೋಗುತ್ತದೆ ಎಂಬ ತಕರಾರು ನನ್ನದು ಹಾಗೇ ಇದೆ, ಬಿಡುವುದಿಲ್ಲ.


ಗ್ರಂಥಾಲಯದ ಕಿಟಕಿ, ಚಿಕ್ಕಬಳ್ಳಾಪುರ
ಬುಧವಾರ ಮಧ್ಯಾಹ್ನ

ತಕರಾರು ಇರಲಿ, ಅದು ಬೇಕು. ಕಾನೂನಿನ ವಿಷಯ ಒಂದೆರಡು ಮಾತು. ದೀಪಸ್ತಂಭಗಳಿಗೆ ಬಹುಕಾಲ ಇದ್ದದ್ದು 1927ರ ಕಾಯ್ದೆ. ಅದು ಹಡಗು ಸಂಚಾರದ ಕಾಯ್ದೆ, ಪರಂಪರೆಯ ಮಾತು ಅದರದ್ದಲ್ಲ. ಅದರ ಬದಲಿಗೆ 2021ರಲ್ಲಿ ಬಂದ ಕಾಯ್ದೆಯಲ್ಲಿ ಪಾರಂಪರಿಕ ದೀಪಸ್ತಂಭ ಎಂದು ಗುರುತಿಸಿ, ಶಿಕ್ಷಣ, ಸಂಸ್ಕೃತಿ, ಪ್ರವಾಸೋದ್ಯಮಕ್ಕೆ ಬೆಳೆಸಲು ಅವಕಾಶವಿದೆ. 2024ರ ಫೆಬ್ರುವರಿಯಲ್ಲಿ ದೇಶದ 75 ದೀಪಸ್ತಂಭಗಳಲ್ಲಿ ಪ್ರವಾಸಿ ಸೌಲಭ್ಯಗಳನ್ನು ಉದ್ಘಾಟಿಸಿದರು. ಅಂದರೆ ಹಣ ಬರುತ್ತಿದೆ. ಆ ಹಣದಲ್ಲಿ ತಿಂಡಿ ಅಂಗಡಿಗೆ ಎಷ್ಟು, ಹಳೆಯ ಮಸೂರಕ್ಕೆ ಎಷ್ಟು ಎಂದು ಕೇಳುವವರು ಬೇಕು. ಕರಾವಳಿಯವರು ಕೇಳಲಿ, ಬೆಟ್ಟ ಇಳಿದು ಹೋಗಿ ಟಿಕೆಟ್ ಕೊಳ್ಳುವ ನಾವೂ ಕೇಳೋಣ. ಕೋಲಾರದ ಮುಂದೆ ಹಾದುಹೋಗುವ 75ನೇ ಹೆದ್ದಾರಿಯ ಇನ್ನೊಂದು ತುದಿ ಇರುವುದು ಬಂಟ್ವಾಳದಲ್ಲಿ. ಆ ದೀಪ ನಿಮಗೆ ದೂರವೇನಲ್ಲ.


ಕರಾವಳಿಯ ಮಗಳು, ತಿಪಟೂರಿನ ಸೊಸೆ
ಗುರುವಾರ ಬೆಳಗ್ಗೆ

ಮೂರು ದಿನ ಬರೆಯಲು ಆಗಲಿಲ್ಲ. ಅಮ್ಮ ಈಗ ನಮ್ಮ ಜೊತೆಗೇ ಇದ್ದಾರೆ. ಗಡಿಯಾರದ ಅಣ್ಣ ಕೇಳಿದ ಪ್ರಶ್ನೆಯನ್ನು ಅವರಿಗೆ ಕೇಳಿದೆ. ಪುಸ್ತಕ ಯಾವುದೂ ಇಲ್ಲ. ಅಜ್ಜ ನಿವೃತ್ತರಾದಾಗ ಬರೆದದ್ದೆಲ್ಲ ಅಲ್ಲೇ ಒಪ್ಪಿಸಿ ಬಂದರಂತೆ. ಆದರೆ ಅಮ್ಮ ಮಾತಾಡಲು ಶುರು ಮಾಡಿದವರು ನಿಲ್ಲಿಸಲಿಲ್ಲ. ಸೀಮೆಎಣ್ಣೆಯನ್ನು ಆವಿ ಮಾಡಿ ರೇಷ್ಮೆ ಬಲೆಯ ಮ್ಯಾಂಟಲ್ ಉರಿಸುವ ದೀಪವಂತೆ, ನಮ್ಮ ಜಾತ್ರೆಯ ಪೆಟ್ರೋಮ್ಯಾಕ್ಸಿನ ದೊಡ್ಡಪ್ಪ. ಉರಿದ ಮ್ಯಾಂಟಲ್ ಬೂದಿಯ ಹಾಗೆ, ಮುಟ್ಟಿದರೆ ಉದುರುತ್ತದೆ. ಅದನ್ನು ಬದಲಾಯಿಸುವಾಗ ಅಜ್ಜ ಉಸಿರು ಬಿಗಿಹಿಡಿಯುತ್ತಿದ್ದರು. ಮಸೂರ ಒರೆಸುವ ಬಟ್ಟೆಯನ್ನು ಅಜ್ಜಿ ಬೇರೆಯಾಗಿ ಒಗೆದು, ನೆರಳಲ್ಲಿ ಒಣಗಿಸಿ, ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡುತ್ತಿದ್ದರು. ಹಗಲಲ್ಲಿ ಮಸೂರಕ್ಕೆ ಪರದೆ ಎಳೆಯಲೇಬೇಕು; ಇಲ್ಲದಿದ್ದರೆ ಬಿಸಿಲು ಅದರೊಳಗೆ ಹೊಕ್ಕು ದೀಪವನ್ನೇ ಸುಡುತ್ತದೆ. ಇದೆಲ್ಲ ನನಗೆ ಈ ವಾರದವರೆಗೆ ತಿಳಿದಿರಲಿಲ್ಲ.

ಮತ್ತೆ, ಒಂದು ವಸ್ತು ಇದೆ. ಅಡುಗೆಮನೆಯಲ್ಲಿ ಎಣ್ಣೆ ಅಳೆಯುವ ಹಿತ್ತಾಳೆಯ ಮಾಪು. ಅದು ಅಜ್ಜನ ಡ್ಯೂಟಿಯದಂತೆ! ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಯಾವತ್ತೂ ಕೇಳಿರಲಿಲ್ಲ. ತಳದಲ್ಲಿ ಏನೋ ಕೆತ್ತಿದ ಗುರುತಿದೆ.


ಗಡಿಯಾರದಂಗಡಿ, ತುಮಕೂರು
ಗುರುವಾರ ಬೆಳಗ್ಗೆ

ಅಕ್ಕ! ದಯವಿಟ್ಟು ಅದನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಅಕ್ಷರ ಸವೆಯುತ್ತದೆ. ಹಗಲ ಬೆಳಕಿನಲ್ಲಿ, ಪಕ್ಕದಲ್ಲಿ ಮಕ್ಕಳ ಅಳತೆಪಟ್ಟಿ ಇಟ್ಟು, ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ತಳದ ಗುರುತಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡಡ್ಡ ಉಜ್ಜಿದರೆ ಅಕ್ಷರ ಮೂಡುತ್ತದೆ. ಎಷ್ಟು ಎಣ್ಣೆ ಹಿಡಿಯುತ್ತದೆ ಎಂದು ಮಿಲಿಲೀಟರಿನಲ್ಲಿ ಅಳೆದು ಬರೆಯಿರಿ. ಅದಕ್ಕಿಂತ ಮೊದಲು ಅಮ್ಮನ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಪ್ರಶ್ನೆಗಳನ್ನು ನಾನು ಬರೆದುಕೊಡುತ್ತೇನೆ. ಗುಂಡು ಎಷ್ಟು ಹೊತ್ತಿಗೊಮ್ಮೆ ಮೇಲಕ್ಕೆತ್ತುತ್ತಿದ್ದರು, ಮಳೆಗಾಲದಲ್ಲಿ ಏನು ಬೇರೆ ಮಾಡುತ್ತಿದ್ದರು, ಇದನ್ನು ಮರೆಯದೆ ಕೇಳಿ.


ಮಧುಗಿರಿ ಗಣಿತ
ಗುರುವಾರ ಮಧ್ಯಾಹ್ನ

ಅಳೆಯುವಾಗ ಎಣ್ಣೆಯ ಬದಲು ನೀರು ಹಾಕಿ ತೂಗಿ. ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್, ತಪ್ಪುವುದಿಲ್ಲ. ಬ್ರಿಟಿಷರ ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಅದರ ಹತ್ತಿರ ಬಂದರೆ ತಿಳಿಸಿ.


ಮುಳಬಾಗಿಲು ದೋಸೆ
ಗುರುವಾರ ಮಧ್ಯಾಹ್ನ

ಮದ್ರಾಸಿನ 1796ರ ದೀಪವೂ, ಆಲಪ್ಪುಳದ 1862ರ ದೀಪವೂ ಉರಿಯುತ್ತಿದ್ದುದು ತೆಂಗಿನೆಣ್ಣೆಯಲ್ಲಿ. ಕಡಲ ದೀಪದ ಮಾಪು ಸುತ್ತಿ ಬಳಸಿ ತಿಪಟೂರಿನ ಕೊಬ್ಬರಿ ಎಣ್ಣೆಗೇ ಬಂದು ಸೇರಿದೆಯಲ್ಲ!


ಕರಾವಳಿಯ ಮಗಳು, ತಿಪಟೂರಿನ ಸೊಸೆ
ಶುಕ್ರವಾರ ರಾತ್ರಿ

ನೀರು ಹಾಕಿ ತೂಗಿದೆವು. 560 ಗ್ರಾಂ. ಬಾಯಂಚು ಒಂದು ಕಡೆ ನೆಗ್ಗಿದೆ, ಅಲ್ಲಿಂದ ಚೆಲ್ಲಿತು ಎಂದು ಅಮ್ಮನ ಸಮಜಾಯಿಷಿ. ಹುಣಸೆಹಣ್ಣಿನ ಎಚ್ಚರಿಕೆ ಮಾತ್ರ ನಲವತ್ತು ವರ್ಷ ತಡವಾಯಿತು ಅಣ್ಣ. ಪ್ರತಿ ಹಬ್ಬಕ್ಕೂ ಉಜ್ಜಿ ಉಜ್ಜಿ ತಳದ ಗುರುತು ಬರೀ ನೆರಳಾಗಿದೆ. ಪೆನ್ಸಿಲ್ ಉಜ್ಜಿದರೆ ಎರಡು ಅಕ್ಷರ ಮಾತ್ರ ಮೂಡಿದವು, ಮೂರನೆಯದು ಅರ್ಧ. ಧ್ವನಿಮುದ್ರಣ ಒಂದೂವರೆ ಗಂಟೆ ಆಯಿತು. ಅದರಲ್ಲಿ ಅರ್ಧ ಗಂಟೆ ಅಜ್ಜಿಯ ಜೊತೆಗಿನ ಜಗಳದ ಕಥೆ, ಅದನ್ನು ತೆಗೆಯಬಾರದು ಎಂದು ಅಮ್ಮನ ಆಜ್ಞೆ.

ಮಾಪನ್ನು ನಿಮ್ಮ ಅಂಗಡಿಗೆ ತರುತ್ತೇನೆ, ಅಂಚಿನ ನೆಗ್ಗನ್ನು ನೋಡಿ, ಆದರೆ ತಟ್ಟಿ ಸರಿಮಾಡಬೇಡಿ. ಬುಧವಾರದೊಳಗೆ ವಾಪಸು ಬೇಕಂತೆ. ಗಾಣದಿಂದ ಅಂದು ಎಣ್ಣೆ ಬರುತ್ತದೆ, ಬೇರೆ ಲೋಟದಲ್ಲಿ ಅಳೆದರೆ ಅಮ್ಮನಿಗೆ ಲೆಕ್ಕ ಸಿಗುವುದಿಲ್ಲ.